ಮಾವ ಮತ್ತೆ ಮತ್ತೆ ನೋಡಿದ ಕೆಟ್ಟ ಸಿನಿಮಾ

ನಮ್ಮ ಸೋದರಮಾವನ ಜೊತೆ ಸಿನಿಮಾಕ್ಕೆ ಹೋಗುವುದೂ ಪೊಲೀಸ್ ಠಾಣೆಗೆ ಹೋಗುವುದೂ ಒಂದೇ! ಚಿತ್ರದುರ್ಗದಲ್ಲಿ ಕೊಲೆ, ಕಳ್ಳತನಗಳ ಜಾಡು ಹಿಡಿಯುತ್ತಿದ್ದ ಪೊಲೀಸ್ ಅಧಿಕಾರಿ ಅವರು. ಈಗ ಹಿರಿಯೂರಿನಲ್ಲಿ ನೆಲೆಸಿದ್ದಾರೆ. ನಿವೃತ್ತಿಯಾದದ್ದು ಕೆಲಸಕ್ಕೆ ಮಾತ್ರ, ಅನುಮಾನಕ್ಕಲ್ಲ. ಎಳನೀರು ಕೊಚ್ಚುವವನನ್ನೂ “ಯಾವ ತೋಟದ್ದು? ನಿನ್ನೆ ಎಲ್ಲಿದ್ದೆ?” ಎಂದು ವಿಚಾರಿಸಿಯೇ ಕುಡಿಯುತ್ತಾರೆ. ಮದುವೆಗೆ ಹೋದರೆ ಛತ್ರದ ಹಿಂಬಾಗಿಲು ನೋಡಿ ಬಂದ ಮೇಲೆಯೇ ಎಲೆಯ ಮುಂದೆ ಕೂರುವುದು.

ಇಂಥವರ ಊರಿಗೆ ನಿವೃತ್ತ ಪತ್ತೇದಾರನೊಬ್ಬನ ಕತೆಯ ಹಾಸ್ಯ ಸಿನಿಮಾ ಬಂತು. ನೋಡಿದವರೆಲ್ಲ ಬೈದರು. ನಾನೂ ಮಾವನೂ ಹೋದೆವು. ನಾಯಕ, ಕೊಲೆಯಾದ ಕೋಣೆಗೆ ಬಂದವನೇ ಚಾಕುವನ್ನು ಬರಿಗೈಯಲ್ಲಿ ಎತ್ತಿದ.

“ಲೇ, ಮುಟ್ಬ್ಯಾಡ ಅದನ್ನ,” ಎಂದು ಮಾವ ಪರದೆಗೇ ಗದರಿದರು.

“ಯಜಮಾನ್ರೇ, ಸುಮ್ನೆ ಕುಂತ್ಕಳ್ರಿ,” ಎಂದರು ಹಿಂದಿನ ಸಾಲಿನವರು.

“ಆಯ್ತು. ಆದ್ರೆ ಕೊಲೆ ಮಾಡಿದ್ದು ಆ ಅಡುಗೆಯೋನು, ನೆನಪಿಟ್ಕಳ್ರಿ.”

ವಿರಾಮಕ್ಕೆ ಮೊದಲೇ ಅರ್ಧ ಜನ ಎದ್ದು ಹೋದರು. ಸಿನಿಮಾ ಕೆಟ್ಟದಾಗಿದ್ದಕ್ಕೋ, ಮಾವ ಗುಟ್ಟು ಒಡೆದದ್ದಕ್ಕೋ, ಹೇಗೆ ಹೇಳಲಿ? ಕೊನೆಗೆ ಸಿಕ್ಕಿಬಿದ್ದವನು ಅಡುಗೆಯವನೇ.

ಮರುದಿನವೂ ಮಾವ ಅದೇ ಸಿನಿಮಾಕ್ಕೆ ಹೋದರೆಂದು ತಿಳಿಯಿತು. ಅದರ ಮರುದಿನವೂ. ನಿರ್ದೇಶಕನ ಮೇಲೆ ಕೇಸು ಹಾಕುತ್ತಾರೇನೋ ಎಂದು ಹೆದರಿ ನಾನೂ ಹೋದೆ. ಖಾಲಿ ಟಾಕೀಸಿನಲ್ಲಿ ಮಾವನ ಪಕ್ಕ ಅತ್ತೆ ಕೂತಿದ್ದರು. ಪಾರ್ಶ್ವವಾಯು ಹೊಡೆದ ಮೇಲೆ ಅವರ ಮಾತು ನಿಂತಿತ್ತು, ಅದರೊಂದಿಗೆ ನಗುವೂ.

“ಈ ಸಿನಿಮಾನ ಬಯ್ಕಂತ ಕತೆ ಹೇಳ್ತಿದ್ದೆ ಕಣಪ್ಪ. ಇವಳ ತುಟಿ ಅಲ್ಲಾಡ್ತು. ಅದ್ಕೇ ಕರ್ಕಂಡು ಬಂದೆ,” ಎಂದರು ಮಾವ.

ಪರದೆಯ ಮೇಲೆ ಪತ್ತೇದಾರ ತನ್ನದೇ ನೆರಳನ್ನು ಕಳ್ಳನೆಂದು ಬೆನ್ನಟ್ಟಿ ಹಿಟ್ಟಿನ ಮೂಟೆಯ ಮೇಲೆ ಬಿದ್ದ. ಅತ್ತೆಯ ಬಾಯಿ ಒಂದು ಬದಿಗೆ ಮೆಲ್ಲಗೆ ಅರಳಿತು. ಗಂಟಲಿನಿಂದ ನಗು ಹೊರಟಿತು. ಮಾವ ಪರದೆ ನೋಡುತ್ತಿರಲಿಲ್ಲ, ಅವರನ್ನೇ ನೋಡುತ್ತಿದ್ದರು.

ಹೊರಗೆ ಟಾಕೀಸಿನವನು, “ನಾಳೆಯಿಂದ ತೆಗೀತೀವಿ ಸಾರ್, ಜನ ಇಲ್ಲ,” ಎಂದ.

“ಇನ್ನೊಂದೆರಡು ದಿನ ಇರ್ಲಿ ಬಿಡಪ್ಪ. ಸಿನಿಮಾ ಚೆನ್ನಾಗೇ ಐತೆ.”

ಜೀವನವಿಡೀ ಸುಳ್ಳುಗಾರರನ್ನು ಹಿಡಿದವರು ಹೇಳಿದ ಸುಳ್ಳು ಅದು. ಟಾಕೀಸಿನವನು ಒಪ್ಪಲಿಲ್ಲ.

ಮರುದಿನ ಬೆಳಗ್ಗೆ ಅವರ ಮನೆಗೆ ಹೋದೆ. ಅತ್ತೆ ಕುರ್ಚಿಯಲ್ಲಿದ್ದರು. ಎದುರಿಗೆ ಮಾವ ಲುಂಗಿ ಎತ್ತಿ ಕಟ್ಟಿ, ಗೋಡೆಯ ಮೇಲಿನ ತಮ್ಮ ನೆರಳಿನ ಹಿಂದೆ ಬಗ್ಗಿ ಬಗ್ಗಿ ಹೆಜ್ಜೆಯಿಡುತ್ತಿದ್ದರು. ಕೊನೆಗೆ ರಾಗಿ ಚೀಲದ ಮೇಲೆ ದೊಪ್ಪನೆ ಬಿದ್ದರು. ನಟನೆ ಸಿನಿಮಾದ್ದಕ್ಕಿಂತಲೂ ಕೆಟ್ಟದಾಗಿತ್ತು.

ಅತ್ತೆ ನಕ್ಕರು. ಮಾವ ಸೊಂಟ ಹಿಡಿದುಕೊಂಡು ಎದ್ದು ಕೇಳಿದರು: “ಇನ್ನೊಂದ್ಸಲ ಬೀಳ್ಲಾ?”