ಒಬ್ಬನೇ ಹಾಡಿದ ಮೂರು ಕ್ಯಾಸೆಟ್ಟುಗಳು

ಹೇಳಿದ ಮಾತು ಕೇಳುವ ಮನುಷ್ಯ ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ನನ್ನನ್ನು ಬಲ್ಲವರು ಇದಕ್ಕೆ ಉಲ್ಟಾ ಹೇಳಿಕೊಂಡು ತಿರುಗುತ್ತಾರೆ. ಅವರ ತಕರಾರು ಇಷ್ಟೇ: ನಾನು ಮಾತು ಕೇಳುವುದು ನಿಜವಂತೆ, ಆದರೆ ಕೇಳುವ ಹೊತ್ತಿಗೆ ಆಗಬೇಕಾದದ್ದೆಲ್ಲ ಆಗಿ ಹೋಗಿರುತ್ತದಂತೆ. ಕೊಡೆ ಒಯ್ಯಿರಿ ಎಂದರೆ ಪೂರ್ತಿ ತೊಯ್ದು ಮನೆಗೆ ಬಂದು, ಆಮೇಲೆ ಕೊಡೆ ಎಲ್ಲಿದೆ ಎಂದು ಹುಡುಕುವ ಜಾತಿ ನನ್ನದಂತೆ. ಇರಬಹುದು. ಸಾಲಿ ಮಾಸ್ತರನಾಗಿ ಮೂವತ್ತು ವರ್ಷ ಮಕ್ಕಳಿಗೆ ‘ಹೇಳಿದ್ದು ಕೇಳ್ರಿ’ ಎಂದು ಒದರಿದವನಿಗೆ, ಆ ಮಾತು ತನಗೂ ಅನ್ವಯಿಸುತ್ತದೆ ಎಂದು ಹೊಳೆಯುವುದು ಸ್ವಲ್ಪ ತಡವೇ. ನನಗೆ ಅದು ಹೊಳೆಯಲು ಮೂರು ಕ್ಯಾಸೆಟ್ಟು ಹಿಡಿದವು.

ಕ್ಯಾಸೆಟ್ಟು ಎಂದರೆ ನಾನೇ ಹಾಡಿದ ಕ್ಯಾಸೆಟ್ಟು. ನಗಬೇಡಿ. ಮನೆಮನೆಗೂ ಟೇಪ್ ರೆಕಾರ್ಡರು ಬರತೊಡಗಿದ್ದ ಕಾಲ ಅದು. ಯಲಬುರ್ಗಾ ಕಡೆಯ ನಮ್ಮ ಮಂಗಳೂರಿನಲ್ಲಿ, ಸಮುದ್ರವಿರುವ ಮಂಗಳೂರಲ್ಲ, ಬಾವಿ ನೀರಿಗೂ ಸರದಿ ಹಚ್ಚುತ್ತಿದ್ದ ಮಂಗಳೂರು, ನಾನು ಗೀಗೀ ಪದದ ಮುಮ್ಮೇಳದವನೆಂದು ಹೆಸರು ಮಾಡಿದ್ದೆ. ಗೀಗೀ ಪದ ಕೇಳದವರಿಗೆ ಒಂದು ಮಾತು. ಮುಂದೆ ನಿಂತವನು ಒಂದೇ ಉಸಿರಿಗೆ ಹತ್ತು ಹನ್ನೆರಡು ಸಾಲು ಪಟಪಟನೆ ಉದುರಿಸಬೇಕು, ಪ್ರಾಸ ತಪ್ಪಬಾರದು, ಎದುರಿನ ಮೇಳದವರ ಮುಖಕ್ಕೆ ಹೊಡೆದಂತಿರಬೇಕು. ಅವನ ಉಸಿರು ಮುಗಿಯುವ ಹೊತ್ತಿಗೆ ಹಿಂದೆ ನಿಂತವರು ದಪ್ಪು ಬಡಿದು ‘ಗೀಯ ಗಾ ಗೀ’ ಎಂದು ಎತ್ತಿಕೊಳ್ಳುತ್ತಾರೆ. ಅಷ್ಟರಲ್ಲಿ ಮುಂದಿನವನು ಉಸಿರು ಹಿಡಿದು, ಬರುವ ಸಾಲು ನೆನಪಿಸಿಕೊಂಡು, ಯಾರು ತಲೆದೂಗಿದರು ಎಂದು ಒಂದು ಸುತ್ತು ಕಣ್ಣಾಡಿಸುತ್ತಾನೆ. ಅದರಲ್ಲೂ ನಮ್ಮದು ಹರದೇಶಿ ಮೇಳ, ಗಂಡು ಹೆಚ್ಚು ಎಂದು ಸಾಧಿಸುವವರು. ಹೆಣ್ಣು ಹೆಚ್ಚು ಎನ್ನುವ ನಾಗೇಶಿ ಮೇಳದವರು ಎದುರಿಗಿರುತ್ತಿದ್ದರು. ನಾನು ಹದಿನೈದು ವರ್ಷ ಗಂಡಸಿನ ಹೆಚ್ಚಳ ಹಾಡಿದೆ. ಮನೆಗೆ ಬಂದು ನೀರು ಸೇದಿದೆ.

ನನ್ನ ಹಿಂದೆ ದಪ್ಪು ಹಿಡಿದು ಗೀ ಅನ್ನುತ್ತಿದ್ದವನು ಫಕೀರಪ್ಪ. ನಮ್ಮೂರ ದರ್ಜಿ, ನನ್ನ ಬಾಲ್ಯದ ಗೆಳೆಯ. ಅವನ ಗೀ ಬಲು ಉದ್ದ. ಮೊದಮೊದಲು ಅದು ನನಗೆ ಅನುಕೂಲವಾಗಿತ್ತು. ಹೆಸರು ಬಂದ ಮೇಲೆ, ಈತ ನನ್ನ ಹಾಡನ್ನೇ ತಿನ್ನುತ್ತಿದ್ದಾನೆ ಎಂದು ಅನ್ನಿಸತೊಡಗಿತು. ಕುಷ್ಟಗಿಯ ಒಂದು ಕಾರ್ಯಕ್ರಮದಲ್ಲಿ ಅವನು ಎಷ್ಟು ಉದ್ದ ಎಳೆದನೆಂದರೆ, ನಾನು ಬರುವ ಸಾಲು ಮರೆತು ಹಾಡಿದ ಸಾಲನ್ನೇ ಮತ್ತೆ ಹಾಡಿದೆ. ಎದುರಿನ ಮೇಳದ ಹೆಣ್ಣುಮಗಳು ‘ಹಾಡಿದ್ದ ಹಾಡೋ ಕಿಸಬಾಯಿ ದಾಸ’ ಎಂದು ಅಲ್ಲಿಯೇ ಪ್ರಾಸ ಕಟ್ಟಿ ತಿರುಗಿಸಿದಳು. ಜನ ನಕ್ಕರು. ಫಕೀರಪ್ಪನೂ ನಕ್ಕ. ಅದು ನನಗೆ ತಡೆಯಲಿಲ್ಲ.

‘ಇನ್ನ ಮ್ಯಾಲ ನಾ ಒಬ್ಬನ ಹಾಡಾಂವ. ನಿನ್ನ ಗೀ ನೀನ ಇಟ್ಕೋ’ ಅಂದೆ.

‘ಆತು ಬಿಡಪಾ. ಉಸುರು ಎಲ್ಲಿ ತಗೋತಿ?’ ಅಂದ.

ಆ ಮಾತಿಗೆ ವರ್ಷಗಟ್ಟಲೆ ಅವನ ಸಂಗಡ ಮಾತು ಬಿಟ್ಟೆ. ತೊಂದರೆ ಏನಾಯಿತೆಂದರೆ, ನನ್ನದೊಂದು ಹೊಸ ಅಂಗಿ ಅವನ ಮೆಷಿನ್ನಿನ ಮೇಲೆ ಇತ್ತು. ಒಂದು ತೋಳು ಹಚ್ಚಿದ್ದ, ಇನ್ನೊಂದು ಹಚ್ಚಿರಲಿಲ್ಲ. ಅವನು ಮುಂದೆ ಹೊಲಿಯಲಿಲ್ಲ, ನಾನು ಹೋಗಿ ಕೇಳಲಿಲ್ಲ. ನಮ್ಮ ಮನೆಯವಳು ನೀಲವ್ವ ಅಂಗಡಿ ಮುಂದೆ ಹಾದು ಬಂದಾಗಲೆಲ್ಲ ‘ನಿಮ್ಮ ಅಂಗಿ ಇನ್ನಾ ಮೊಳಿಗಿ ಜೋತಾಡಾಕತ್ತೈತಿ ನೋಡ್ರಿ’ ಎಂದು ವರದಿ ಒಪ್ಪಿಸುತ್ತಿದ್ದಳು.

ಒಬ್ಬನೇ ಹಾಡಿ ಫಕೀರಪ್ಪನಿಗೆ ತೋರಿಸಬೇಕು ಎಂಬ ಹಟ ಹೊತ್ತು ಗಂಗಾವತಿಗೆ ಹೋದೆ. ಅಲ್ಲಿ ಖಾಜಾಹುಸೇನ ಎಂಬವರ ಕ್ಯಾಸೆಟ್ ಅಂಗಡಿ ಇತ್ತು. ಮೊದಲು ಗಡಿಯಾರ ರಿಪೇರಿ ಮಾಡುತ್ತಿದ್ದವರು. ಕ್ಯಾಸೆಟ್ಟಿನ ವ್ಯಾಪಾರಕ್ಕೆ ಇಳಿದ ಮೇಲೂ ಗಡಿಯಾರದ ಮೇಜು ತೆಗೆದಿರಲಿಲ್ಲ. ಹಾಡು ಕೇಳುವಾಗಲೂ ಒಂದು ಕಣ್ಣು ಮುಚ್ಚುತ್ತಿದ್ದರು, ಇನ್ನೊಂದಕ್ಕೆ ಭೂತಗನ್ನಡಿ ಸಿಕ್ಕಿಸಿಕೊಂಡಿದ್ದಾರೇನೋ ಎನ್ನುವ ಹಾಗೆ. ಹೊರಗಿನ ಸದ್ದು ಬಾರದಿರಲೆಂದು ಹಿಂದಿನ ಕೋಣೆಯ ಗೋಡೆಗಳಿಗೆ ಹಳೆಬಟ್ಟೆಯ ಕೌದಿ ತೂಗಬಿಟ್ಟಿದ್ದರು. ಅದೇ ಅವರ ಸ್ಟುಡಿಯೋ. ಬೇಸಿಗೆಯಲ್ಲಿ ಆ ಕೋಣೆಯೊಳಗೆ ಅರ್ಧ ಗಂಟೆ ಹಾಡಿದರೆ ಹಾಡುಗಾರ ಇಡ್ಲಿಯಂತೆ ಬೆಂದು ಹೊರಬರುತ್ತಿದ್ದ.

ನನ್ನ ಹಾಡನ್ನು ಐದು ನಿಮಿಷ ಕೇಳಿ, ಟೇಪು ನಿಲ್ಲಿಸಿದರು.

‘ಮಾಸ್ತರ್ರ, ಹಾಡಾಕತ್ತೀರೋ, ಹಾಜರಿ ಕರಿಯಾಕತ್ತೀರೋ?’

ನನಗೆ ಸಿಟ್ಟು ಬಂತು. ಅವರು ಸಮಾಧಾನದಿಂದ ಮೇಜಿನ ಮೇಲಿದ್ದ ಗಡಿಯಾರವೊಂದನ್ನು ನನ್ನ ಕಿವಿಗೆ ಹಿಡಿದರು. ‘ಕೇಳ್ರಿ. ಟಿಕ್ ಅಂದ್ರ ಟಕ್ ಅನ್ನಬೇಕು. ಬರೇ ಟಿಕ್ ಟಿಕ್ ಅನ್ನೋ ಗಡಿಯಾರ ನನ್ನ ಹಂತ್ಯಾಕ ರಿಪೇರಿಗಿ ಬರ್ತೈತಿ. ನಿಮಗ ಜವಾಬ ಕೊಡವ್ರು ಯಾರರ ಬೇಕ್ರಿ. ಆ ದಪ್ಪಿನ ಸಾಹುಕಾರನ್ನ ಕರ್ಕೊಂಡ ಬರ್ರಿ.’

ಒಬ್ಬನೇ ಹಾಡುವುದಾದರೆ ಹಾಡುತ್ತೇನೆ, ಇಲ್ಲವಾದರೆ ಊರಿಗೆ ಹೋಗುತ್ತೇನೆ ಅಂದೆ. ‘ಆತ್ರಿ, ನಿಮ್ಮ ಮರ್ಜಿ’ ಎಂದು ಟೇಪಿಗೆ ತುಂಬಿಸಿಕೊಂಡರು. ಅವರದು ಅದೊಂದು ಗುಣ. ಒಮ್ಮೆ ಹೇಳುವರು, ಎರಡನೆಯ ಸಲ ಹೇಳುವವರಲ್ಲ. ಕ್ಯಾಸೆಟ್ಟಿನ ಮುಖಕ್ಕೆ ಫೋಟೋ ಬೇಕಾಯಿತು. ನನ್ನ ಬಳಿ ಇದ್ದದ್ದು ಕೊಪ್ಪಳದಲ್ಲಿ ಮೇಳದವರೆಲ್ಲ ಸೇರಿ ತೆಗೆಸಿದ ಒಂದೇ ಫೋಟೋ. ಖಾಜಾಹುಸೇನರು ಕತ್ತರಿ ಆಡಿಸಿ ನನ್ನೊಬ್ಬನನ್ನೇ ಉಳಿಸಿದರು. ಆದರೆ ಹೆಗಲ ಮೇಲೆ ಫಕೀರಪ್ಪನ ಕೈ ಉಳಿದುಬಿಟ್ಟಿತು. ಅದನ್ನೂ ತೆಗೆಯಿರಿ ಎಂದರೆ, ‘ಕೈ ತಗದ್ರ ನಿಮ್ಮ ಹೆಗಲೂ ಹೊಕ್ಕೈತ್ರಿ’ ಅಂದರು. ಹೀಗೆ ‘ಏಕಕಂಠ ಗಾಯನ’ ಎಂದು ದಪ್ಪಕ್ಷರದಲ್ಲಿ ಅಚ್ಚಾದ ನನ್ನ ಮೊದಲ ಕ್ಯಾಸೆಟ್ಟು, ಹೆಗಲ ಮೇಲೆ ಯಾರದೋ ಕೈ ಇಟ್ಟುಕೊಂಡೇ ಹೊರಬಂತು.

ಅದನ್ನು ಕೊಂಡವರು ನನ್ನ ಹೆಡ್‌ಮಾಸ್ತರರು, ನನ್ನ ಇಬ್ಬರು ಭಾವಂದಿರು ಮತ್ತು ಮರಳಿಯ ಒಬ್ಬ ಗದ್ದೆಯ ಗೌಡರು. ಆ ಗೌಡರು ಒಮ್ಮೆ ಬಸ್ಸಿನಲ್ಲಿ ಸಿಕ್ಕು ನನ್ನ ಕೈ ಹಿಡಿದುಕೊಂಡರು. ‘ಮಾಸ್ತರ್ರ, ನಿಮ್ಮ ಕ್ಯಾಸೆಟ್ ಭಾಳ ಛಲೋ ಐತ್ರಿ. ಅದರ ಮ್ಯಾಲ ನಮ್ಮ ಮಗಳ ಮದಿವಿ ಮಂಗಳಾಷ್ಟಕ ತುಂಬಿಸೀವಿ. ಎಷ್ಟ ಚೆಂದ ಕೇಳತೈತಿ ಅಂತೀರಿ.’

ಇಷ್ಟಾದ ಮೇಲೂ ಖಾಜಾಹುಸೇನರು ನನ್ನನ್ನು ಕೈಬಿಡಲಿಲ್ಲ ಎನ್ನುವುದೇ ಆಶ್ಚರ್ಯ. ಒಂದು ಭಾನುವಾರ ಟೇಪ್ ರೆಕಾರ್ಡರನ್ನು ಟವೆಲಿನಲ್ಲಿ ಕೂಸಿನಂತೆ ಸುತ್ತಿಕೊಂಡು, ಕೊಪ್ಪಳದಲ್ಲಿ ಬಸ್ಸು ಬದಲಿಸಿ, ನಮ್ಮ ಮನೆಗೇ ಬಂದರು. ‘ಈ ಸಲ ಇಲ್ಲೇ ಹಾಡ್ರಿ. ಕೌದಿ ಕ್ವಾಣ್ಯಾಗ ನಿಮ್ಮ ದನಿ ಹೆದರ್ತೈತಿ’ ಅಂದರು. ನೀಲವ್ವ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಸದ್ದಾಗುತ್ತದೆ, ನಿಲ್ಲಿಸು ಎಂದು ಹೇಳಲು ಎದ್ದೆ. ಖಾಜಾಹುಸೇನರು ನನ್ನ ಮೊಣಕೈ ಹಿಡಿದು ಕೂರಿಸಿದರು. ‘ಅಕ್ಕಾರು ಅವರ ಕೆಲಸ ಅವರು ಮಾಡ್ಲಿ. ನನಗೂ ಹಸಿವಾಗೈತಿ’ ಅಂದರು. ನಾನು ನಂಬಿದೆ.

ಒಂದು ಕೈಯಿಂದ ಚಪ್ಪಾಳೆ ಆಗುವುದಿಲ್ಲ ಎನ್ನುತ್ತಾರೆ. ಆದರೆ ಜೋಳದ ರೊಟ್ಟಿ ಆಗುತ್ತದೆ, ತಾಳವೂ ಆಗುತ್ತದೆ. ಒಳಗಿನಿಂದ ಪಟ್ ಪಟ್ ಎಂದು ಬರುತ್ತಿದ್ದ ಆ ಬಡಿತಕ್ಕೆ ನನ್ನ ನಾಲಗೆ ತಾನಾಗಿಯೇ ಹೊಂದಿಕೊಂಡು ಓಡತೊಡಗಿತು. ಅವಳು ರೊಟ್ಟಿ ಎತ್ತಿ ಹಂಚಿಗೆ ಹಾಕುವಷ್ಟು ಹೊತ್ತು ಬಡಿತ ನಿಲ್ಲುತ್ತಿತ್ತು. ನಾನು ಅಲ್ಲಿಯೇ ಉಸಿರು ಹಿಡಿಯುತ್ತಿದ್ದೆ. ತಿಂಗಳುಗಟ್ಟಲೆ ಹೋಗಿದ್ದ ಹುರುಪು ಮರಳಿ ಬಂತು. ಕಣ್ಣು ಮುಚ್ಚಿ ಹರದೇಶಿಯ ಏರುದನಿಯಲ್ಲಿ ಎತ್ತಿದೆ:

ಗಂಡಸಂದ್ರ ನಾ ತಂದೆ ಬೋರಮಾಳ ಸರಾ
ಹೆಂಡತಿ ಕೊರಳಾಗ ಹಾಕಿ ನೋಡಿದೆ ಪೂರಾ

ಒಳಗೆ ರೊಟ್ಟಿಯ ಬಡಿತ ನಿಂತಿತು. ಅಡುಗೆಮನೆಯಿಂದ ಸ್ಪಷ್ಟವಾಗಿ ಒಂದು ಮಾತು ಬಂತು.

‘ಯಾವಾಗ?’

ಅಷ್ಟೇ. ಮತ್ತೆ ಪಟ್ ಪಟ್ ಶುರುವಾಯಿತು. ಹದಿನೈದು ವರ್ಷ ಎಂತೆಂಥ ನಾಗೇಶಿ ಮೇಳಗಳಿಗೆ ಉತ್ತರ ಕೊಟ್ಟವನಿಗೆ ಈ ಮೂರಕ್ಷರಕ್ಕೆ ಪ್ರಾಸ ಸಿಗಲಿಲ್ಲ. ಕೊನೆಗೆ ‘ದೀವಳಿಗಿಗಿ ತರತೀನಿ, ಸುಮ್ಮ ಕುಂದರ’ ಎಂದು ಅದೇ ಧಾಟಿಯಲ್ಲಿ ಹಾಡಿ ಮುಂದೆ ಹೋದೆ. ಮುಗಿದ ಮೇಲೆ ಆ ತುಂಡನ್ನು ಕತ್ತರಿಸಿ ಎಂದು ಕೇಳಿಕೊಂಡೆ. ಖಾಜಾಹುಸೇನರು ರೊಟ್ಟಿ ಮುರಿಯುತ್ತ, ‘ಇಷ್ಟ ದಿನ ಟಿಕ್ ಇತ್ತು. ಇವತ್ತ ಟಕ್ ಸಿಕ್ತು. ಕತ್ತರಿ ಮನ್ಯಾಗ ಬಿಟ್ಟ ಬಂದೀನ್ರಿ’ ಅಂದರು.

ಎರಡನೆಯ ಕ್ಯಾಸೆಟ್ಟು ಗಂಗಾವತಿಯ ಚಹಾದಂಗಡಿಗಳಲ್ಲಿ, ಕೊಪ್ಪಳದ ಟೆಂಪೋಗಳಲ್ಲಿ, ಮದುವೆ ಮನೆಗಳಲ್ಲಿ ಮೊಳಗಿತು. ನನ್ನ ಹಾಡು ಯಾರಿಗೆ ನೆನಪಿತ್ತೋ ತಿಳಿಯದು, ಆ ‘ಯಾವಾಗ’ ಎಲ್ಲರ ಬಾಯಲ್ಲಿತ್ತು. ಅಂಗಡಿಗೆ ಬಂದವರು ‘ಯಾವಾಗ ಕ್ಯಾಸೆಟ್ ಕೊಡ್ರಿ’ ಎಂದು ಕೇಳುತ್ತಿದ್ದರಂತೆ. ಕುಷ್ಟಗಿ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರನನ್ನು ಯಲಬುರ್ಗಾ ಬಸ್ಸು ಯಾವಾಗ ಎಂದು ಕೇಳಿದೆ. ಸುತ್ತಲಿನ ಜನ ಗೊಳ್ಳೆಂದು ನಕ್ಕರು. ಆ ದೀಪಾವಳಿಗೆ ನಾನು ಬೋರಮಾಳ ತರಲೇಬೇಕಾಯಿತು. ಇಡೀ ತಾಲೂಕು ಸಾಕ್ಷಿಗೆ ನಿಂತಿರುವಾಗ ಗಂಡಸು ಬೇರೇನು ಮಾಡಬಲ್ಲ? ನೀಲವ್ವ ಅದನ್ನು ಹಾಕಿಕೊಂಡು ಕನ್ನಡಿ ನೋಡಿಕೊಂಡ ರೀತಿ ಇನ್ನೂ ನನ್ನ ಕಣ್ಣ ಮುಂದಿದೆ. ಇಷ್ಟು ಸಣ್ಣ ಸುಖಕ್ಕೆ ಇಷ್ಟು ವರ್ಷ ಹಾಡಿನಲ್ಲೇ ಉತ್ತರ ಕೊಟ್ಟೆನಲ್ಲ ಎಂದು ನಾಚಿಕೆಯಾಯಿತು.

ಆದರೂ ಒಳಗೊಂದು ಮುಳ್ಳು ಉಳಿದಿತ್ತು. ಹೆಸರಾದದ್ದು ಅಡುಗೆಮನೆಗೆ, ನನಗಲ್ಲ. ರೊಟ್ಟಿ ಇಲ್ಲದೆ, ಹೆಂಡತಿ ಇಲ್ಲದೆ ನಾನೊಬ್ಬನೇ ಹಾಡಬಲ್ಲೆ ಎಂದು ಫಕೀರಪ್ಪನಿಗೆ ತೋರಿಸುವುದು ಬಾಕಿಯೇ ಇತ್ತು. ಮತ್ತೆ ಗಂಗಾವತಿಗೆ ಹೋದೆ. ಖಾಜಾಹುಸೇನರು ಆಗಲಿ ಎಂದರು, ಬರುವ ಶುಕ್ರವಾರ ಬನ್ನಿ ಎಂದರು. ಶುಕ್ರವಾರ ಹೋಗಿ ನೋಡಿದರೆ ಕೌದಿ ಕೋಣೆಯಲ್ಲಿ ಫಕೀರಪ್ಪ ಕುಳಿತಿದ್ದ. ಕೈಯಲ್ಲಿ ದಪ್ಪು ಇರಲಿಲ್ಲ. ಕಾಗದದಲ್ಲಿ ಸುತ್ತಿದ ನನ್ನ ಅಂಗಿ ಇತ್ತು.

‘ಇನ್ನೊಂದ ತೋಳ ಹಚ್ಚೇನಿ. ಹಾಕ್ಕೊಂಡ ನೋಡು’ ಅಂದ.

ಖಾಜಾಹುಸೇನರು ಅವನಿಗೆ ಬೆರಳೆತ್ತಿ ತಾಕೀತು ಮಾಡಿದರು. ‘ನೀವು ಬರೇ ಮುಂದ ಕುಂದರಬೇಕ್ರಿ. ಬಾಯಿ ಬಿಚ್ಚಂಗಿಲ್ಲ. ಹಾಡೋರು ಮಾಸ್ತರ್ರ ಒಬ್ಬರ.’ ಹಾಗೆಯೇ ಆಯಿತು. ನಾನು ಹೊಸ ಅಂಗಿ ಹಾಕಿಕೊಂಡು ಹಾಡಿದೆ. ಎದುರಿಗೆ ಅವನು ತಲೆದೂಗುತ್ತಿದ್ದ, ನಾನು ಉಸಿರು ಹಿಡಿಯುವಲ್ಲಿ ಅವನ ಗಂಟಲೂ ಸುಮ್ಮನೆ ಆಡುತ್ತಿತ್ತು. ಅರ್ಧ ಗಂಟೆಯಲ್ಲಿ ಒಂದು ಸಾಲೂ ತಪ್ಪಲಿಲ್ಲ. ಕಡೆಯ ಪದ ಮುಗಿಯುತ್ತಲೇ, ಪಾಪ, ತಡೆಯಲಾರದೆ ಅವನ ಬಾಯಿಂದ ಸಣ್ಣದೊಂದು ‘ಗೀ’ ಹೊರಟುಹೋಯಿತು. ಕೂಡಲೇ ಕೈಯಿಂದ ಬಾಯಿ ಮುಚ್ಚಿಕೊಂಡ.

‘ಅದನ್ನ ಅಳಿಸ್ತೀನ್ರಿ. ಮದ್ಲ ಒಮ್ಮೆ ಕೇಳ್ರಿ’ ಎಂದು ಖಾಜಾಹುಸೇನರು ಟೇಪು ಹಿಂದಕ್ಕೆ ಸುತ್ತಿದರು. ಕೇಳಿದೆ. ನನಗೆ ಕಣ್ಣು ತುಂಬಿ ಬಂತು. ಬೆವರೆಂದು ಒರೆಸಿಕೊಂಡೆ, ಆ ಕೋಣೆಯಲ್ಲಿ ಅದೊಂದು ಅನುಕೂಲವಿತ್ತು. ‘ಇರ್ಲಿ ಬಿಡ್ರಿ’ ಅಂದೆ. ಯಾರದೋ ಮಾತನ್ನು ನಾನು ಹೊತ್ತಿಗೆ ಸರಿಯಾಗಿ ಕೇಳಿದ್ದು ಅದೊಂದೇ ಸಲ ಎಂದು ಕಾಣುತ್ತದೆ. ಆ ಕ್ಯಾಸೆಟ್ಟಿನ ಮುಖಕ್ಕೂ ಹಳೆಯ ಫೋಟೋವನ್ನೇ ಹಾಕಿದರು. ಈ ಸಲ ಕೈಯ ಬಗ್ಗೆ ನಾನು ಏನೂ ಅನ್ನಲಿಲ್ಲ.

ಇದನ್ನೆಲ್ಲ ಬರೆದು, ನೀಲವ್ವನಿಗೆ ಓದಿ ತೋರಿಸೋಣವೆಂದು ಅಡುಗೆಮನೆಯ ಬಾಗಿಲಲ್ಲಿ ಕುಳಿತೆ. ‘ಹೇಳಿದ ಮಾತು ಕೇಳುವ ಮನುಷ್ಯ ನಾನು’ ಎಂದು ಮೊದಲ ಸಾಲು ಓದಿ, ಅವಳ ‘ಯಾವಾಗ’ಕ್ಕೆ ಜಾಗ ಬಿಟ್ಟು ನಿಲ್ಲಿಸಿದೆ. ಒಳಗಿನಿಂದ ಏನೂ ಬರಲಿಲ್ಲ. ರೊಟ್ಟಿಯ ಸದ್ದೂ ಇಲ್ಲ. ಎರಡನೆಯ ಸಾಲು ಎದುರಿಗೇ ಬರೆದಿದ್ದರೂ ಓದಲು ನಾಲಗೆ ಏಳಲಿಲ್ಲ.

‘ಯಾಕ, ಏನೂ ಅನ್ನಲಿಲ್ಲಲ್ಲ?’ ಎಂದೆ.

‘ಏನನ್ಲಿ? ಓದ್ರಿ, ಕೇಳಾಕತ್ತೀನಿ.’

‘ರೊಟ್ಟಿನಾರ ಬಡಿ, ಓದತೀನಿ.’

‘ಹಿಟ್ಟ ತೀರೇತ್ರಿ. ಮುಂಜಾನೆನ ಹೇಳೀನಿ ನಿಮಗ, ಜ್ವಾಳ ಹಸನ ಮಾಡಿ ಡಬ್ಬಿಗಿ ತುಂಬಿಟ್ಟೀನಿ, ಗಿರಣಿಗಿ ಹೋಗಿ ಬರ್ರಿ ಅಂತ.’

‘ಹೊಕ್ಕೀನಿ ಅಂದೀನಲ್ಲ?’

‘ಯಾವಾಗ?’ ಅಂದಳು.

ಕಾಗದಗಳನ್ನು ಮಡಿಚಿ ಕಿಸೆಯಲ್ಲಿಟ್ಟು, ಜೋಳದ ಡಬ್ಬಿ ಹೆಗಲಿಗೇರಿಸಿಕೊಂಡು ಹೊರಟೆ.