ಕೊರಿಯನ್ ಕಲಿಸಿದ ಕನ್ನಡ ಮೇಷ್ಟ್ರು

ಉತ್ತರಹಳ್ಳಿಯ ಗಂಗಾಧರಯ್ಯನವರು ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಇಂಟರ್‌ನ್ಯಾಷನಲ್ ಶಾಲೆ ಎಬ್ಬಿಸಿದವರು. ಭಾನುವಾರ ಅವರ ಮೊಮ್ಮಗಳು ಕೊರಿಯನ್ ಸೀರಿಯಲ್ ನೋಡಿ ಬಿಕ್ಕಿ ಬಿಕ್ಕಿ ಅತ್ತಳು. ಮಗುವನ್ನು ಇಷ್ಟು ಅಳಿಸಬಲ್ಲ ಭಾಷೆ ನಮ್ಮ ಶಾಲೆಯಲ್ಲಿಲ್ಲವಲ್ಲ ಎಂದು ಅಯ್ಯನವರಿಗೂ ಸಂಕಟವಾಯಿತು. ಸೋಮವಾರ ಬೆಳಿಗ್ಗೆ ಕನ್ನಡ ಮೇಷ್ಟ್ರು ನಂದಕುಮಾರ್‌ಗೆ ಕರೆ ಬಂತು.

ಮಧ್ಯಾಹ್ನ ಕೊರಿಯಾದ ಮಿಸೆಸ್ ಹಾನ್ ಎಂಬವರು ಮಗಳನ್ನು ಸೇರಿಸಲು ಶಾಲೆ ನೋಡಿಕೊಂಡು ಹೋಗುವವರಿದ್ದರು. ಅಷ್ಟರೊಳಗೆ ಮೂರನೇ ಕ್ಲಾಸಿನವರಿಗೆ ಕೊರಿಯನ್‌ಗೂ ಇಂಗ್ಲಿಷಿಗೂ ಏನು ವ್ಯತ್ಯಾಸ ಎಂದು ಕಲಿಸಿಬಿಡಬೇಕಂತೆ.

"ನಂಗೆ ಕೊರಿಯನ್ ಬರಲ್ಲ ಸಾರ್."

"ಲಾಂಗ್ವೇಜ್ ಟೀಚರ್ ತಾನೇ ನೀವು? ಅದೂ ಲಾಂಗ್ವೇಜೇ. ಚೆನ್ನಾಗಾದ್ರೆ ನಿಮ್ ವಿಷ್ಯ ನೋಡೋಣ."

ಮೇಷ್ಟ್ರ ವಿಷಯ ಇಷ್ಟೇ: ಜೂನ್‌ನಿಂದ ಕನ್ನಡಕ್ಕೆ ವಾರಕ್ಕೆರಡೇ ಪೀರಿಯಡ್ ಎಂದು ತೀರ್ಮಾನವಾಗಿತ್ತು. ಎರಡು ಪೀರಿಯಡ್‌ಗೆ ಇಡೀ ಮೇಷ್ಟ್ರು ಯಾಕೆ ಎಂಬ ಪ್ರಶ್ನೆಯೊಂದು ಬಾಕಿಯಿತ್ತು.

ಸ್ಟಾಫ್ ರೂಮಿನಲ್ಲಿ ಸಲಹೆಗೇನೂ ಬರವಿರಲಿಲ್ಲ. ಏನೇ ಹೇಳಿದರೂ ಸೊಂಟ ಬಗ್ಗಿಸಿ ಹೇಳಿ, ಸಾಕು ಎಂದ ಪಿ.ಟಿ. ಮೇಷ್ಟ್ರು ಗುರುಸಿದ್ದ. ಸೀರಿಯಲ್ ನೋಡಿಯೇ ಕನ್ನಡಕ ಬಂದಿದ್ದ ವಿಜ್ಞಾನದ ಸೌಮ್ಯ ಹತ್ತು ಪದ ಬರೆದುಕೊಟ್ಟಳು. ಅದರಲ್ಲಿ ನಾಲ್ಕು ಬೈಗುಳ ಎಂಬುದು ಆಮೇಲೆ ನೆನಪಾಗಿ ಓಡಿಬಂದು ಹೊಡೆದುಹಾಕಿದಳು. ಉಳಿದದ್ದನ್ನು ಫೋನಿನಲ್ಲಿ ಹುಡುಕುತ್ತಿದ್ದ ನಂದಕುಮಾರ್ ಕಣ್ಣು ಅರಳಿತು. ಕೊರಿಯನ್‌ನಲ್ಲೂ ಕ್ರಿಯಾಪದ ವಾಕ್ಯದ ಕೊನೆಗೇ ಬರುತ್ತಿತ್ತು.

ಇಂಗ್ಲಿಷಿನವರು ಮೊದಲು ತಿಂದು ಆಮೇಲೆ ಅನ್ನ ಹುಡುಕುತ್ತಾರೆ, ಕೊರಿಯಾದವರು ನಮ್ಮ ಹಾಗೇ ಅನ್ನ ಮುಂದಿಟ್ಟುಕೊಂಡು ತಿನ್ನುತ್ತಾರೆ ಎಂದು ಮೇಷ್ಟ್ರು ಕ್ಲಾಸಿನ ಬೋರ್ಡಿನ ಮೇಲೆ ಬರೆದು ತೋರಿಸಿದರು. ಅಪ್ಪನಿಗೆ ಅಲ್ಲೂ ಅಪ್ಪ ಎಂದಾಗ ಮಕ್ಕಳು ಬೆಂಚು ಕುಟ್ಟಿದರು. ಇಂಗ್ಲಿಷಿನಲ್ಲಿ ನಾಯಿಗೂ ಹೆಡ್ ಮೇಡಂಗೂ ಒಂದೇ 'ಕಮ್'. ಕೊರಿಯನ್‌ನಲ್ಲಿ ಗೆಳೆಯನಿಗೆ 'ವಾ', ದೊಡ್ಡವರಿಗೆ 'ವಾಯೊ'. ಬಿಟಿಎಂನಿಂದ ಬರುವ ಮಯೂರ್ ಎದ್ದು, 'ವಾ' ಅನ್ನುವುದು ತಮಿಳು, ತನ್ನ ಪಾಟಿ, ಅಂದರೆ ಅಜ್ಜಿ, ಊಟಕ್ಕೆ ಹಾಗೇ ಕರೆಯುತ್ತಾಳೆ ಎಂದು ವಾದಕ್ಕೆ ನಿಂತ. ವಾದ ಮುಗಿಯುವ ಮೊದಲೇ ಮಿಸೆಸ್ ಹಾನ್ ಅವರ ಕಾರು ಬಂತು.

ಕಿಟಕಿಯಲ್ಲಿ ನಿಂತು ಪಾಠ ಕೇಳಿದ್ದ ಗಂಗಾಧರಯ್ಯನವರ ಕಿವಿಗೆ ಬಿದ್ದದ್ದು ಒಂದೇ ಪದ. ಎಮ್ಮೆಯನ್ನು ಕೊಟ್ಟಿಗೆಗೆ ಕರೆಯುವವರ ಹಾಗೆ ಕೈ ಬೀಸಿ, "ವಾ, ವಾ, ವಾ" ಎನ್ನುತ್ತ ಮಿಸೆಸ್ ಹಾನ್‌ರನ್ನು ಸೀದಾ ಕ್ಲಾಸಿಗೆ ಕರೆತಂದರು. ಆಕೆಯ ಮುಖ ಕಪ್ಪಿಟ್ಟಿತ್ತು.

ಮುಂದಿನ ಬೆಂಚಿನಲ್ಲಿದ್ದ ಅಯ್ಯನವರ ಮೊಮ್ಮಗಳು ಸ್ಪಂದನಾ ಎದ್ದು ನಿಂತಳು. "ವಾಯೊ ಅನ್ಬೇಕು ತಾತ. ದೊಡ್ಡೋರು ಅವ್ರು."

ಮಿಸೆಸ್ ಹಾನ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಬೋರ್ಡು ನೋಡಿ, ಇಷ್ಟೆಲ್ಲ ಹೇಗೆ ಕಲಿತಿರಿ ಎಂದು ಮಕ್ಕಳನ್ನು ಇಂಗ್ಲಿಷಿನಲ್ಲಿ ಕೇಳಿದರು. ಕನ್ನಡದಲ್ಲಿ ಯೋಚಿಸಿ ಪದ ಮಾತ್ರ ಬದಲಾಯಿಸಿದೆವು ಎಂದಳು ಸ್ಪಂದನಾ. ಹಾಗಾದರೆ ಕನ್ನಡ ಗಟ್ಟಿಯಾಗಿರುವ ಮಕ್ಕಳಿಗೆ ಕೊರಿಯನ್ ಸುಲಭ ಎಂದು ಆಕೆ ಅಯ್ಯನವರಿಗೆ ಬಾಯಿತುಂಬ ಹೇಳಿ, ಅಲ್ಲೇ ಮಗಳ ಅಡ್ಮಿಷನ್ ಫಾರಂ ತುಂಬಿದರು.

ಸಂಜೆ ನಾಲ್ಕಕ್ಕೆ ಮತ್ತೆ ಕರೆ ಬಂತು. ನಂದಕುಮಾರ್ ತಲೆ ಬಾಚಿಕೊಂಡು ಹೋದರು.

"ಕನ್ನಡ ವಾರಕ್ಕೆ ಎಂಟು ಪೀರಿಯಡ್ ಮಾಡ್ತಿದೀವಿ ಮೇಷ್ಟ್ರೇ," ಎಂದರು ಅಯ್ಯನವರು.

ಮೇಷ್ಟ್ರು ಕೈ ಮುಗಿದರು.

ಹೆಸರು ಮಾತ್ರ 'ಪ್ರೀ-ಕೊರಿಯನ್ ಫೌಂಡೇಶನ್' ಎಂದಿರುತ್ತದೆ, ಪಾಠ ಕನ್ನಡದ್ದೇ ಎಂದು ಅಯ್ಯನವರು ವಿವರಿಸಿದರು. ಆದರೆ ಹೆಸರಿನಲ್ಲಿ ಕೊರಿಯನ್ ಇರುವುದರಿಂದ ಕೊರಿಯನ್ ಸರ್ಟಿಫಿಕೇಟ್ ಇದ್ದವರೇ ಕಲಿಸಬೇಕು. ನಂದಕುಮಾರ್ ಬಳಿ ಇದ್ದದ್ದು ಕನ್ನಡ ಎಂ.ಎ. ಅದು ನಡೆಯುವುದಿಲ್ಲ. ಮೂರು ತಿಂಗಳು ಆನ್‌ಲೈನಿನಲ್ಲಿ ಕೊರಿಯನ್ ಕಲಿತ ಜಯನಗರದ ಸಮನ್ವಿತಾ ಎಂಬವರನ್ನು ಆಗಲೇ ಫೋನಿನಲ್ಲೇ ನೇಮಕ ಮಾಡಿಯಾಗಿತ್ತು.

"ಅವ್ರಿಗೆ ಕನ್ನಡ ಬರುತ್ತಾ ಸಾರ್?"

"ಮಾತಾಡ್ತಾರೆ. ಓದೋಕ್ ಬರಿಯೋಕ್ ಬರಲ್ಲ. ನೀವು ಹೆಂಗೂ ಜೂನ್‌ವರೆಗೂ ಇರ್ತೀರಲ್ಲ, ಅಷ್ಟರಲ್ಲಿ ಅಆಇಈ ಕಲಿಸ್ಕೊಟ್ ಹೋಗಿ."