ಉಪ್ಪಿಗೆ ಹಾಕಿದ ಕ್ಯಾಲ್ಕ್ಯುಲೇಟರ್

"ಈ ಪರೀಕ್ಷೆ ನಾನೇ ಪಾಸ್ ಮಾಡಿಸ್ತೆ, ನೋಡ್ತಾ ಇರಿ!"

ಸೋಮವಾರ ಬೆಳಿಗ್ಗೆ ಬಂಗಡೆ ಮೀನಿನ ಹೊಟ್ಟೆ ಸೀಳುತ್ತಾ ಕಾಸರಕೋಡಿನ ದುರ್ಗಮ್ಮ ಹೀಗೊಂದು ಘೋಷಣೆ ಹೊರಡಿಸಿದಳು. ಪರೀಕ್ಷೆ ಫಿಸಿಕ್ಸಿನದು. ಬರೆಯುವವಳು ಮೊಮ್ಮಗಳು ಅರ್ಚನಾ, ಹೊನ್ನಾವರದ ಕಾಲೇಜಿನಲ್ಲಿ ಬಿ.ಎಸ್‌ಸಿ. ಮೊದಲ ವರ್ಷ. ದುರ್ಗಮ್ಮನ ಸ್ವಂತ ವಿದ್ಯೆ ಎರಡನೇ ಇಯತ್ತೆ. ಅದೂ ಪೂರ್ತಿಯಲ್ಲ, ವರ್ಷದ ನಡುವೆಯೇ ತಲೆಯ ಮೇಲೆ ಮೀನಿನ ಬುಟ್ಟಿ ಬಂದು ಕೂತಿತ್ತು.

ಬಲೆಯ ಹರಕು ಹೊಲಿಯುತ್ತಿದ್ದ ಗಂಡ ಶನಿಯಾರ ತಲೆ ಎತ್ತಲಿಲ್ಲ. "ಫಿಸಿಕ್ಸು ಅಂದ್ರೆ ಎಂತ ಅಂತ ಗೊತ್ತಾ ನಿಂಗೆ?"

"ಇಲ್ಲ. ಅದ್ಕೇ ನಂಗೆ ಹೆದ್ರಿಕೆನೂ ಇಲ್ಲ!"

ನೋಡುವವರಿಗೆ ಇದು ಮೊಮ್ಮಗಳ ಮೇಲಿನ ಮಮತೆಯಂತೆ ಕಂಡೀತು. ಅಸಲು ಸಂಗತಿ ಬೇರೆ. ಅದು ದುರ್ಗಮ್ಮನ ಶುದ್ಧ ಸ್ವಾರ್ಥ!

ಭಟ್ಕಳದ ಜಾಲಿಯಲ್ಲಿ ಅಂಗಡಿ ನೋಡಿಕೊಳ್ಳುವ ಮಗಳು ರೇಖಾ ತನ್ನ ಹುಡುಗಿಯನ್ನು ಐದನೇ ತರಗತಿಗೆ ತಂದು ಅಜ್ಜಿಮನೆಯಲ್ಲಿ ಬಿಟ್ಟಿದ್ದಳು. ಅವತ್ತಿನಿಂದ ದುರ್ಗಮ್ಮನ ನಿಂತುಹೋಗಿದ್ದ ಶಾಲೆ ಮತ್ತೆ ಶುರುವಾಯಿತು. ಸಂಜೆ ಬಂದ ಹುಡುಗಿ ಚೀಲ ಎಸೆದವಳೇ ಅಜ್ಜಿ ಮೀನು ಹೆಚ್ಚುವ ಮಣೆಯ ಎದುರು ಕುಕ್ಕರಗಾಲಲ್ಲಿ ಕೂರುವಳು. ಯಾವ ಮೇಷ್ಟ್ರು ಎಂತ ಹೇಳಿದರು, ಯಾರಿಗೆ ಪೆಟ್ಟು ಬಿತ್ತು, ಅಕ್ಬರ ಯಾರು, ಅಮೀಬಾ ಎಂತದು, ಎಲ್ಲವನ್ನೂ ಒಂದು ಬಿಡದೆ ಒಪ್ಪಿಸುವಳು. ದುರ್ಗಮ್ಮ ಕೇಳುವಳು. ನಡುನಡುವೆ ಪ್ರಶ್ನೆ ಹಾಕುವಳು. ಹೀಗೆ ಕತ್ತಿ ಹಿಡಿದ ಕೈಯಲ್ಲೇ, ಒಂದು ಪರೀಕ್ಷೆಯನ್ನೂ ಬರೆಯದೆ, ಆಕೆ ಐದನೇ ತರಗತಿಯಿಂದ ದ್ವಿತೀಯ ಪಿಯುಸಿ ತನಕ ಪಾಸಾಗಿದ್ದಳು! ಗಿಡದ ಎಲೆ ಬಿಸಿಲಿನಲ್ಲಿ ತನ್ನ ಅಡುಗೆ ತಾನೇ ಮಾಡಿಕೊಳ್ಳುತ್ತದೆ ಎಂಬ ಸುದ್ದಿ ತಿಳಿದ ದಿನವಂತೂ ಹಿತ್ತಲಿನ ನುಗ್ಗೆಮರವನ್ನು ಬಹಳ ಹೊತ್ತು ಗೌರವದಿಂದ ನೋಡಿದ್ದಳು.

ಬಿ.ಎಸ್‌ಸಿ. ಬಂತು, ಶಾಲೆ ಮುಚ್ಚಿತು.

ಫಿಸಿಕ್ಸ್ ತರಗತಿಯಲ್ಲಿ ಇನ್ನೂರ ನಲವತ್ತು ಮಕ್ಕಳು. ಒಂದೇ ಸಭಾಂಗಣ, ಒಬ್ಬರೇ ರವೀಂದ್ರ ಸರ್, ಒಂದೇ ಮೈಕು. ಅದೂ ಕರಕರ ಅನ್ನುತ್ತದೆ. ಹಿಂದಿನ ಬೆಂಚಿಗೆ ಪಾಠ ಮುಟ್ಟುವುದಿಲ್ಲವೆಂದು ಸರ್ ಪಾಠವನ್ನೆಲ್ಲ ಮೊಬೈಲಿಗೆ ಹಾಕುತ್ತಿದ್ದರು. ಅರ್ಚನಾ ಮನೆಗೆ ಬಂದವಳೇ ಕಿವಿಗೆ ಎರಡು ಬಿರಡೆ ತುರುಕಿಕೊಂಡು ಕಿಟಕಿಯ ಹತ್ತಿರ ಕೂತುಬಿಡುವಳು. ಅಜ್ಜಿಗೆ ಸಿಗುತ್ತಿದ್ದದ್ದು ಒಟ್ಟು ಮೂರು ಮಾತು: "ಹಾಂ", "ಹ್ಞೂಂ", "ಆಮೇಲೆ ಅಜ್ಜಿ".

ಆ "ಆಮೇಲೆ"ಯನ್ನು ದುರ್ಗಮ್ಮ ಎರಡು ತಿಂಗಳು ಕಾದಳು. ಮಣೆಯ ಎದುರಿನ ಜಾಗ ಗುಡಿಸಿ ಚೊಕ್ಕ ಇಟ್ಟುಕೊಂಡೇ ಕಾದಳು. ಅಲ್ಲಿ ಬೆಕ್ಕು ಕೂತರೂ ಓಡಿಸುತ್ತಿದ್ದಳು. ಕೊನೆಗೊಂದು ದಿನ ಹುಡುಗಿ ಒಂದು ಬಿರಡೆ ತೆಗೆದು, "ಮಿಡ್‌ಟರ್ಮ್ ಒಂದು ಮುಗೀಲಿ ಅಜ್ಜಿ, ಎಲ್ಲ ಹೇಳ್ತೆ" ಎಂದಳು.

ಅಷ್ಟು ಸಾಕಾಯಿತು! ಗುರುವಾರ ಪರೀಕ್ಷೆ. ಅದನ್ನು ದಾಟಿಸಿಬಿಟ್ಟರೆ ಶಾಲೆ ಮತ್ತೆ ತೆರೆಯುತ್ತದೆ. ದುರ್ಗಮ್ಮ ಸೆರಗು ಕಟ್ಟಿ ರಣರಂಗಕ್ಕೆ ಇಳಿದೇಬಿಟ್ಟಳು.

ಸೋಮವಾರ ಸದ್ದಿನ ಮೇಲೆ ಯುದ್ಧ. ಮಂಜುಗಡ್ಡೆ ತರುವ ಲಾರಿಯವನು ಹಾರ್ನ್ ಹೊಡೆಯಬಾರದೆಂದು ರಸ್ತೆಗೆ ಅಡ್ಡ ನಿಂತಳು. ಹಾಗೆ ನಿಂತದ್ದಕ್ಕೇ ಆತ ಆರು ಸಲ ಹಾರ್ನ್ ಹೊಡೆದ. ಮಂಗಳವಾರ ಮೀನಿನ ತಲೆ ತಿಂದರೆ ಮಗುವಿನ ತಲೆ ಚುರುಕಾಗುತ್ತದೆ ಎಂದು ಏಳು ತಲೆಗಳ ಸಾರು ಮಾಡಿದಳು. ಚುರುಕಾದದ್ದು ಹೊಟ್ಟೆ. ಅರ್ಚನಾ ಆ ಮಧ್ಯಾಹ್ನವೆಲ್ಲ ಹಿತ್ತಲಿಗೂ ಮನೆಗೂ ಓಡಾಡಿದಳು.

"ಇನ್ನೊಂದು ದಿನ ನೀ ಸಹಾಯ ಮಾಡಿದ್ರೆ ಹುಡ್ಗಿ ಪರೀಕ್ಷೆಗೆ ಕೂರೂದಲ್ಲ, ಆಸ್ಪತ್ರೆಲಿ ಮಲಗೂದೇಯ" ಎಂದ ಶನಿಯಾರ.

"ನೀವು ಬಲೆ ನೋಡ್ಕಣಿ!"

ಬುಧವಾರ ಬೆಳಿಗ್ಗೆ ಅರ್ಚನಾ ಹಾಲ್‌ ಟಿಕೆಟ್ ತರಲು ಕಾಲೇಜಿಗೆ ಹೋದಳು. ಮೇಜಿನ ಮೇಲೆ ಅವಳ ಕ್ಯಾಲ್ಕ್ಯುಲೇಟರ್ ಇತ್ತು. ಅಂಗಡಿಯಲ್ಲಿ ಕೂಡಿ ಕಳೆಯುವಂಥದ್ದಲ್ಲ. ಮೈತುಂಬ ಗುಂಡಿಗಳಿದ್ದ ದೊಡ್ಡ ಓದಿನ ಯಂತ್ರ ಅದು. ಅದಿಲ್ಲದೆ ನಾಳೆಯ ಲೆಕ್ಕ ಒಂದೂ ಮುಗಿಯದು, ಮೊಬೈಲನ್ನಂತೂ ಒಳಗೆ ಬಿಡರು ಎಂದು ಹುಡುಗಿಯೇ ಹೇಳಿದ್ದಳು. ದುರ್ಗಮ್ಮ ಕಣ್ಣಗಲಿಸಿ ನೋಡಿದಳು. ಗುಂಡಿಗಳ ಸಂದಿಯಲ್ಲಿ ಒಂದು ಮೀನಿನ ಹುರುಪೆ! ಛೇ, ಇಂಥ ಘನವಾದ ಯಂತ್ರದಲ್ಲಿ ಹುರುಪೆಯೇ? ಸೆರಗಿನಲ್ಲಿ ಒರೆಸುತ್ತಾ ಅಡುಗೆಮನೆಗೆ ನಡೆದಳು. ಒರೆಸುವ ಭರದಲ್ಲಿ ಅದು ಕೈಜಾರಿತು. ಸೀದಾ ಹೋಗಿ ಬಿದ್ದದ್ದು ಶೆಟ್ಲಿ, ಅಂದರೆ ಸೀಗಡಿ, ತೊಳೆಯಲು ಇಟ್ಟ ಬೋಗುಣಿಯ ನೀರಿಗೆ! ಮುಳುಗಿ, ಎರಡು ಗುಳ್ಳೆ ಬಿಟ್ಟು, ಶೆಟ್ಲಿಗಳ ನಡುವೆ ತಣ್ಣಗೆ ಮಲಗಿತು.

ಬೇರೆ ಯಾರೇ ಆಗಿದ್ದರೂ ಎದೆ ಬಡಿದುಕೊಳ್ಳುತ್ತಿದ್ದರು. ಆದರೆ ದುರ್ಗಮ್ಮ ನಲವತ್ತು ವರ್ಷ ಮೀನು ಒಣಗಿಸಿದವಳು. ಒದ್ದೆಯಾದದ್ದರ ಒಳಗಿನ ನೀರು ಹೊರಗೆ ಬರಬೇಕಾದರೆ ಎಂತ ಮಾಡಬೇಕು ಎಂಬುದನ್ನು ಅವಳಿಗೆ ಯಾರು ಹೇಳಿಕೊಡಬೇಕು? ಭರಣಿ ತೆಗೆದಳು. ತಳಕ್ಕೆ ಒಂದು ಹಾಸು ಹರಳುಪ್ಪು, ಅದರ ಮೇಲೆ ಕ್ಯಾಲ್ಕ್ಯುಲೇಟರ್, ಮೇಲೆ ಇನ್ನೊಂದು ಹಾಸು ಉಪ್ಪು. ಸಂದಿಗೊಂದಿಗೂ ಉಪ್ಪು ಹೋಗುವಂತೆ ಬೆರಳಿನಲ್ಲಿ ಒತ್ತಿ, ಮೇಲೊಂದು ಕಲ್ಲು ಹೇರಿದಳು. ಒಂದು ತಾಸು ಬಿಟ್ಟು ತೆಗೆದು, ಕೊಡವಿ, ಅಂಗಳದ ಚಾಪೆಯ ಮೇಲೆ ಬಂಗಡೆಗಳ ಸಾಲಿನಲ್ಲಿ ಬಿಸಿಲಿಗಿಟ್ಟಳು.

ಒಂದೂವರೆಗೆ ಅರ್ಚನಾ ಬಂದಳು.

"ಅಜ್ಜೀ, ಕ್ಯಾಲ್ಕ್ಯುಲೇಟರ್ ಎಲ್ಲಿ?"

"ಒಣಗ್ತಾ ಇದೆ."

"ಎಂತ?"

"ಒಣಗ್ತಾ ಇದೆ ಮಾರಾಯ್ತಿ. ಬಂಗಡೆ ಬದಿಗೆ. ಇನ್ನೊಂದು ಬಿಸ್ಲು ಸಿಕ್ಕಿದ್ರೆ ಆತು."

ಅರ್ಚನಾ ಅಂಗಳಕ್ಕೆ ಓಡಿದಳು. ಕ್ಯಾಲ್ಕ್ಯುಲೇಟರ್ ಬಿಳಿಯ ಪೊರೆ ಹೊತ್ತು ಬಂಗಡೆಗಳ ನಡುವೆ ಬಂಗಡೆಯಾಗಿತ್ತು. ಒತ್ತಿದ ಗುಂಡಿ ಒಳಗೆ ಹೋಯಿತು, ಹೊರಗೆ ಬರಲೇ ಇಲ್ಲ. ಎಂಟರ ಗುಂಡಿಯನ್ನಂತೂ ಕಾಗೆ ಕಚ್ಚಿಕೊಂಡು ಹೋಗಿತ್ತು!

ಹುಡುಗಿ ಅಳಲಿಲ್ಲ. ಫೋಟೋ ಹೊಡೆದು ತರಗತಿಯ ವಾಟ್ಸಾಪ್ ಗುಂಪಿಗೆ ಹಾಕಿ, "ಯಾರಲ್ಲಾದ್ರೂ ಇನ್ನೊಂದು ಇದ್ಯಾ?" ಎಂದು ಕೇಳಿದಳು. ಇದ್ದ ಇನ್ನೂರ ಮೂವತ್ತೊಂಬತ್ತು ಮಂದಿಗೂ ನಾಳೆ ಅದೇ ಹತ್ತು ಗಂಟೆಗೆ ಅದೇ ಪರೀಕ್ಷೆ. ಕ್ಯಾಲ್ಕ್ಯುಲೇಟರ್ ಯಾರೂ ಕೊಡಲಿಲ್ಲ, ಸಲಹೆ ಎಲ್ಲರೂ ಕೊಟ್ಟರು. ಒಬ್ಬಳು ಖಾರ ಸಾಕಾ ಎಂದು ಕೇಳಿದಳು. ಇನ್ನೊಬ್ಬಳು ತೆಂಗಿನಕಾಯಿ ಅರೆದು ಹಾಕಲು ಹೇಳಿದಳು. ಹೊನ್ನಾವರದ ಅಂಗಡಿಗೆ ಫೋನ್ ಮಾಡಿದರೆ, "ಎಲ್ಲ ಖಾಲಿ, ಶುಕ್ರವಾರ ಬತ್ತದೆ" ಎಂದರು. ಫೋಟೋ ಗುಂಪಿನಿಂದ ಗುಂಪಿಗೆ ಹಾರಿ, ಕೊನೆಗೆ ಅದನ್ನು ಕಂಡ ಎರಡನೇ ವರ್ಷದ ಸುಷ್ಮಾ ಕರುಣೆ ತೋರಿದಳು. ಅವಳ ಮನೆ ಹಳದೀಪುರದಲ್ಲಿ. ಬಂದರೆ ತನ್ನದನ್ನು ಕೊಡುತ್ತೇನೆ ಎಂದಳು.

"ನಾನೂ ಬತ್ತೆ" ಎಂದಳು ದುರ್ಗಮ್ಮ.

"ನೀ ಬರೂದೇ ಬೇಡ!"

"ಹಳದೀಪುರದಲ್ಲಿ ಮೂವತ್ತು ವರ್ಷ ಮೀನು ಮಾರಿದ್ದೆ. ದಾರಿ ತೋರಿಸೂಕೆ ಯಾರಾದ್ರೂ ಬೇಕಲ?"

ಭಟ್ಕಳದಿಂದ ಕುಮಟೆಗೆ ಹೋಗುವ ಸರ್ಕಾರಿ ಬಸ್ಸು ಬಂತು. ಹೆಂಗಸರಿಗೆ ಟಿಕೆಟು ಪುಕ್ಕಟೆ. ದುರ್ಗಮ್ಮನಿಗೆ ಬೈಗುಳವೂ ಪುಕ್ಕಟೆ!

"ಮೀನೂ ಯಂತ್ರನೂ ಒಂದೇಯಾ ಅಜ್ಜಿ? ಉಪ್ಪುನೀರಲ್ಲಿ ಕರೆಂಟ್ ಹರೀತದೆ! ಬರೀ ನೀರಿಗೆ ಬಿದ್ದಿದ್ರೆ ಬದುಕ್ತಿತ್ತೋ ಎಂತದೋ, ನೀ ಉಪ್ಪು ತುಂಬಿ ಕೊಂದೆ! ಹೇಳೂಕೆ ಒಂದು ಫೋನ್ ಮಾಡೂಕಾಗ್ಲಿಲ್ವಾ? ನಿಂಗೆ ಎಂತಕ್ಕೆ ಬೇಕಿತ್ತು ಅದ್ರ ಸುದ್ದಿ?"

ದುರ್ಗಮ್ಮ ತಲೆ ತಗ್ಗಿಸಿ ಕೂತಿದ್ದಳು. ಎದುರಿನ ಸೀಟಿನ ಹೆಂಗಸು ಅಯ್ಯೋ ಪಾಪ ಎಂಬಂತೆ ತಿರುಗಿ ನೋಡಿದಳು. ಪಾಪವೂ ಇಲ್ಲ, ಪುಣ್ಯವೂ ಇಲ್ಲ! ದುರ್ಗಮ್ಮನ ಒಳಗೆ ಹಬ್ಬ ನಡೆದಿತ್ತು. ಎರಡು ತಿಂಗಳಲ್ಲಿ ಕೇಳದಷ್ಟು ಮಾತು ಕಾಸರಕೋಡಿನಿಂದ ಶರಾವತಿ ಸೇತುವೆ ಮುಟ್ಟುವುದರೊಳಗೆ ಕಿವಿಗೆ ಬಿದ್ದಿತ್ತು. ಅದೇ ದನಿ, ಅದೇ ಕೈ ಆಡಿಸುವ ರೀತಿ. ಕುಕ್ಕರಗಾಲು ಒಂದೇ ಕಮ್ಮಿ!

ಹೊನ್ನಾವರ ಬಂದಾಗ ಹುಡುಗಿ ಉಸಿರಾಡಲು ನಿಂತಳು. ದುರ್ಗಮ್ಮನಿಗೆ ಗಾಬರಿಯಾಯಿತು. ಬೈಗುಳ ಇಷ್ಟಕ್ಕೇ ಮುಗಿದರೆ? ಒಂದು ಕಡ್ಡಿ ತಾಗಿಸಿದಳು.

"ಅಷ್ಟಾಗಿ, ಅದ್ರಲ್ಲಿ ಎಂತ ಲೆಕ್ಕ ಮಾಡೂದು?"

"ಎಂತ ಲೆಕ್ಕವಾ? ಕೇಳು! ಒಂದು ದೋಣಿ. ಇಬ್ರು ಹಗ್ಗ ಹಿಡ್ದು ದಡಕ್ಕೆ ಎಳೀತಾರೆ. ಒಬ್ಬ ಈ ಬದಿಗೆ, ಒಬ್ಬ ಆ ಬದಿಗೆ. ನಡುವೆ ಇಷ್ಟು ಅಗಲ. ದೋಣಿಗೆ ಎಷ್ಟು ಬಲ ಸಿಕ್ತು ಅಂತ ಹೇಳ್ಬೇಕು."

"ಅಷ್ಟು ಅಗಲ ನಿಂತ್ರೆ ದೋಣಿ ಬತ್ತದೆಯಾ? ಹತ್ರ ಹತ್ರ ನಿಲ್ಲೂಕೆ ಹೇಳು ಅವ್ರಿಗೆ!"

"ಯಾರಿಗೆ?"

"ಆ ಇಬ್ರಿಗೆ."

"ಅವ್ರು ಪುಸ್ತಕದಲ್ಲಿದ್ದಾರೆ ಅಜ್ಜೀ!"

"ಪುಸ್ತಕದಲ್ಲಿದ್ರೆ ಬುದ್ಧಿ ಬೇಡ್ವಾ? ಅಗಲ ನಿಂತ್ರೆ ಅರ್ಧ ಶಕ್ತಿ ಒಬ್ರನ್ನೊಬ್ರು ಎಳೆಯೂಕೇ ಹೋತದೆ. ದೋಣಿಗೆ ಉಳಿದದ್ದು ಸಿಕ್ತದೆ, ಅಷ್ಟೇಯ."

ಅರ್ಚನಾ ಚೀಲದಿಂದ ನೋಟ್‌ಬುಕ್ ತೆಗೆದಳು. ಅದರಲ್ಲಿ ಎರಡು ಬಾಣ ಬರೆದಳು, ಅಡ್ಡಗೆರೆ ಎಳೆದಳು, ಮತ್ತೆ ಅಜ್ಜಿಯ ಮುಖ ನೋಡಿದಳು. "ರವೀಂದ್ರ ಸರ್ ಮೂರು ಬೋರ್ಡ್ ತುಂಬ ಬರೆದದ್ದು ಇದನ್ನೇಯಾ! ಆ ಅಡ್ಡದ ಬಲ ಎಂತಕ್ಕೆ ಹೊಡೆದುಹೋತದೆ ಅಂತ ನಂಗೆ ಈಗ ತಲೆಗೆ ಹೋತು. ತಡಿ ತಡಿ, ಇದೊಂದು ಕೇಳು..."

ಹುಡುಗಿ ಶುರುಮಾಡಿದಳು. ಬ್ರೇಕ್ ಹಾಕಿದರೆ ನಿಂತವರು ಮುಂದೆ ವಾಲುವುದು ಯಾಕೆ, ತಿರುವಿನಲ್ಲಿ ಬದಿಗೆ ಜರುಗುವುದು ಯಾಕೆ, ಕಬ್ಬಿಣದ ಬೋಟು ತೇಲುವುದು ಯಾಕೆ. ಒಂದೊಂದು ಅಧ್ಯಾಯವೂ ಅಜ್ಜಿಯ ಮಡಿಲಿಗೆ ಬಂದು ಬೀಳುತ್ತಿತ್ತು. ಅಜ್ಜಿಯ ಪ್ರಶ್ನೆಗೆ ಉತ್ತರ ಸಿಗದ ಕಡೆ ಹುಡುಗಿ ಪುಟ ತಿರುವುವಳು, ಗುರುತು ಹಾಕಿಕೊಳ್ಳುವಳು.

ಕಿಟಕಿಯಾಚೆ ಹಳದೀಪುರದ ತೆಂಗಿನ ತೋಟಗಳು ಕಂಡವು. ದುರ್ಗಮ್ಮ ಮೂವತ್ತು ವರ್ಷ ಬುಟ್ಟಿ ಇಳಿಸಿದ ಕಟ್ಟೆ ಬಂತು. ಬಸ್ಸು ನಿಂತಿತು. ನಾಲ್ಕು ಮಂದಿ ಇಳಿದರು. ಕಂಡಕ್ಟರ್, "ಹಳದೀಪುರ, ಹಳದೀಪುರ!" ಎಂದು ಎರಡು ಸಲ ಕೂಗಿದ.

ಅರ್ಚನಾ ಆಗ ಗಾಲಿ ತಿರುಗುವ ಬಗ್ಗೆ ಹೇಳುತ್ತಿದ್ದಳು.

ದುರ್ಗಮ್ಮ ಕಟ್ಟೆ ನೋಡಿದಳು. ಮೊಮ್ಮಗಳ ಮುಖ ನೋಡಿದಳು. ತುಟಿ ಬಿಚ್ಚಲಿಲ್ಲ. ಕಂಡಕ್ಟರ್ ಸೀಟಿ ಊದಿದ.

"ಅಯ್ಯೋ ಅಜ್ಜೀ, ಇದು ಕುಮಟೆಯಲ್ವಾ!" ಹುಡುಗಿ ತಲೆ ಎತ್ತಿದಾಗ ಬಸ್ಸು ನಿಲ್ದಾಣದೊಳಗೆ ತಿರುಗುತ್ತಿತ್ತು. "ಹಳದೀಪುರ ಎಲ್ಲಿ ಹೋಯ್ತು?"

"ಹೌದಾ? ಹೋಯ್ತಾ?" ಎಂದಳು, ದಾರಿ ತೋರಿಸಲೆಂದೇ ಬಂದವಳು.

ಆ ಕಡೆಯಿಂದ ಬರುವ ಬಸ್ಸಿಗೆ ಮುಕ್ಕಾಲು ತಾಸು ಕಾದರು. ಎರಡು ಅಧ್ಯಾಯ ಆಯಿತು. ಹಳದೀಪುರದಲ್ಲಿ ಸುಷ್ಮಾ ಬಾಗಿಲಲ್ಲೇ ನಕ್ಕಳು. "ಉಪ್ಪಿನ ಅಜ್ಜಿ ಇವ್ರೇಯಾ?" ಎಂದು ಕೇಳಿ, ಕ್ಯಾಲ್ಕ್ಯುಲೇಟರನ್ನು ಅರ್ಚನಾಳ ಕೈಗೇ ಕೊಟ್ಟು, ಅದು ಅವಳ ಚೀಲದೊಳಗೆ ಹೋಗುವ ತನಕ ಕಾದು ನಿಂತಳು. ಚಹಾ ಕೊಟ್ಟಾಗಲೂ ಚೀಲವನ್ನು ದುರ್ಗಮ್ಮನಿಂದ ದೂರ ಇಡಿಸಿದಳು!

ಗುರುವಾರ ಮಧ್ಯಾಹ್ನ ಎರಡಕ್ಕೆ ಅರ್ಚನಾ ಕುಣಿಯುತ್ತಾ ಒಳಗೆ ಬಂದಳು.

"ಅಜ್ಜೀ! ಹಗ್ಗದ ಲೆಕ್ಕನೇ ಬಂತು! ಹತ್ತು ಮಾರ್ಕಿಗೆ! ಬಸ್ಸಲ್ಲಿ ನಿಂಗೆ ಬೈದದ್ದೆಲ್ಲ ಬಂತು!"

ದುರ್ಗಮ್ಮನ ಮುಖ ಊದಿದ ಪೂರಿಯಾಯಿತು. ಗಂಡನ ಕಡೆ ತಿರುಗಿದಳು. "ಕೇಳಿದ್ರಾ? ನಾನು ಪಾಸ್ ಮಾಡಿಸ್ತೆ ಅಂದಿದ್ದೆ ಅಲ?"

"ಕೇಳ್ದೆ" ಎಂದ ಶನಿಯಾರ.

"ಆದ್ರೆ ಒಂದು ಹೇಳು ಅಜ್ಜಿ" ಎಂದು ಅರ್ಚನಾ ಸೊಂಟಕ್ಕೆ ಕೈಯಿಟ್ಟಳು. "ಹಳದೀಪುರ ಬಂದದ್ದು ನಿಂಗೆ ಕಂಡಿತ್ತಲ?"

ದುರ್ಗಮ್ಮನಿಗೆ ಆ ಕ್ಷಣ ಒಂದು ಬಂಗಡೆಯನ್ನು ಬಹಳ ಗಮನದಿಂದ ಹೆಚ್ಚಬೇಕಾಗಿ ಬಂತು. "ಬಿಸ್ಲು ಕಣ್ಣಿಗೆ ಹೊಡೀತಿತ್ತು ಹೆಣ್ಣೇ."

"ಹ್ಞೂಂ, ಹ್ಞೂಂ." ಹುಡುಗಿ ನಗುತ್ತಾ ಒಳಗೆ ನಡೆದಳು.

"ಬಾ, ಕೂತ್ಕ. ಪರೀಕ್ಷೆ ಮುಗೀತಲ? ಎಲ್ಲ ಹೇಳ್ತೆ ಅಂದಿದ್ದೆ."

"ಎಲ್ಲಿ ಮುಗೀತು ಅಜ್ಜಿ? ಫಿಸಿಕ್ಸ್ ಒಂದೇ ಆದದ್ದು. ಸೋಮವಾರ ಗಣಿತ, ಬುಧವಾರ ಕೆಮಿಸ್ಟ್ರಿ. ಆಮೇಲೆ ಹೇಳ್ತೆ." ಮಾತು ಮುಗಿಯುವುದರೊಳಗೆ ಹುಡುಗಿ ಕಿಟಕಿಯ ಹತ್ತಿರ ಕೂತಾಗಿತ್ತು. ಕಿವಿ ಮುಚ್ಚಿತ್ತು.

ದುರ್ಗಮ್ಮ ಕತ್ತಿ ಕೆಳಗಿಟ್ಟಳು. ಮತ್ತೆ ಗಂಡನ ಹತ್ತಿರ ಸರಿದು ದನಿ ತಗ್ಗಿಸಿ ಕೇಳಿದಳು:

"ಹೋಯ್, ಗಣಿತಕ್ಕೆ ನಾ ಎಂತ ಹಾಳ್ ಮಾಡ್ಬೇಕು?"

ಶನಿಯಾರ ಬಲೆಯ ದಾರವನ್ನು ಹಲ್ಲಿನಲ್ಲಿ ಕಡಿದು ಹೇಳಿದ:

"ಹಾಳ್ ಮಾಡೂಕೆ ಅಂತ ನೀ ಬೇರೆ ಕಷ್ಟಪಡೂದು ಬೇಡ. ಸಹಾಯ ಮಾಡು, ಸಾಕು!"